ಕೋಹಾದಲ್ಲಿ ಹೊಸ ಸೌಲಭ್ಯ ಬರೆಸುವವರಿಗೆ
ಬೆಂಗಳೂರಿನ ಕಾಲೇಜು ಲೈಬ್ರರಿಗಳಲ್ಲಿ ಕೋಹಾ ಎಂಬ ಮುಕ್ತ ಲೈಬ್ರರಿ ಸಾಫ್ಟ್‌ವೇರ್‌ಗೆ ಡೆವಲಪರ್‌ಗಳಿಂದ ದುಡ್ಡು ಕೊಟ್ಟು ಹೊಸ ಸೌಲಭ್ಯ ಬರೆಸುವವರು ಗಮನಿಸಿ: ಕೋಡ್ ಮೂಲ ಕೋಹಾಗೆ (ಎಲ್ಲರೂ ಬಳಸುವ ಅಧಿಕೃತ ಕೋಡ್‌ಗೆ) ಸೇರಿದ ಮೇಲೇ ಕೊನೆಯ ಕಂತು ಕೊಡಿ, ಒಪ್ಪಂದದಲ್ಲೇ ಹಾಗೆ ಬರೆಸಿ. ಅಲ್ಲಿ ಸೇರಿದರೆ ಮುಂದಿನ ಆವೃತ್ತಿಗಳಲ್ಲಿ ಅದು ತಾನಾಗಿ ಬರುತ್ತದೆ. ನಿಮ್ಮ ಸರ್ವರ್‌ನಲ್ಲಷ್ಟೇ ಉಳಿದರೆ, ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುವುದರಿಂದ, ಪ್ರತಿ ಅಪ್‌ಗ್ರೇಡ್‌ಗೂ ಮತ್ತೆ ಕೂರಿಸಬೇಕು, ಮತ್ತೆ ದುಡ್ಡು. ಕೋಹಾ ಹುಟ್ಟಿದ್ದೇ 1999ರಲ್ಲಿ ನ್ಯೂಜಿಲೆಂಡ್‌ನ ಒಂದು ಲೈಬ್ರರಿ ಸಂಸ್ಥೆ ಹೀಗೆ ದುಡ್ಡು ಕೊಟ್ಟು ಬರೆಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ, ಅಲ್ವಾ? ಆದರೆ ನಿಮ್ಮ ಕಾಲೇಜಿಗೆ ಮಾತ್ರ ಬೇಕಾದ ರಸೀದಿ, ರಿಪೋರ್ಟ್ ಥರದ್ದನ್ನು ಮೂಲ ಕೋಹಾ ನೋಡಿಕೊಳ್ಳುವವರು ಸೇರಿಸಿಕೊಳ್ಳುವುದು ಕಷ್ಟ. ಅದನ್ನು ಪ್ಲಗಿನ್ (ಮೂಲ ಕೋಡ್ ಮುಟ್ಟದೆ ಹೊರಗಿನಿಂದ ಜೋಡಿಸುವ ತುಣುಕು) ಆಗಿ ಬರೆಸಿ. ಮೂಲ ಕೋಹಾಗೆ ಸೇರಿಸುವ ಮುಂಚಿನ ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯಬಹುದು, ಅದು ಡೆವಲಪರ್ ಕೈಲಿಲ್ಲ, ಹಾಗಾಗಿ ಆ ಕೊನೆಯ ಕಂತು ಚಿಕ್ಕದಾಗಿರಲಿ.