ನೀಸ್ ನಗರದ ಬೆನ್ನಿಗಿರುವ ಬೆಟ್ಟಗಳಲ್ಲಿ ವಾಹನದ ಸದ್ದಿಲ್ಲದ ಸೈಕಲ್ ದಾರಿ ಹುಡುಕುವುದು ಹೇಗೆ?

ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ನೀಸ್ ನಗರದಿಂದ ಇಟಲಿಯ ಗಡಿಗೆ ಅಂಟಿಕೊಂಡಿರುವ ಮಾಂತೋಂ ಪಟ್ಟಣದವರೆಗೆ, ಆಲ್ಪ್ಸ್ ಪರ್ವತವು ನಡುವೆ ಬಯಲನ್ನೇ ಬಿಡದೆ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುತ್ತದೆ. ಮೊನಾಕೊದ ನೆತ್ತಿಯ ಮೇಲಿರುವ ಅಜೆಲ್ ಶಿಖರ ದಂಡೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದರೂ 1,100 ಮೀಟರಿಗಿಂತ ಎತ್ತರವಿದೆ. ಬೆಳಿಗ್ಗೆ ಕಡಲಿನ ಬದಿಯಲ್ಲಿ ಹೊರಟವರು ಮಧ್ಯಾಹ್ನದೊಳಗೆ ಸಾವಿರ ಮೀಟರ್ ಏರಿ, ಸಂಜೆಗೆ ಮತ್ತೆ ಕಡಲಿಗೆ ಇಳಿಯಬಹುದಾದ ಇಂತಹ ನಾಡು ರಸ್ತೆ ಸೈಕಲ್ ಸವಾರರಿಗೆ ಅಚ್ಚುಮೆಚ್ಚಾಗಿರುವುದು ಸಹಜ. ವೃತ್ತಿಪರ ಸವಾರರಲ್ಲಿ ಅನೇಕರು ಚಳಿಗಾಲದ ಅಭ್ಯಾಸಕ್ಕೆಂದೇ ಮೊನಾಕೊ ಮತ್ತು ನೀಸ್‌ಗಳಲ್ಲಿ ನೆಲೆಸಿದ್ದಾರೆ. ಆದರೆ ಹೊಸದಾಗಿ ಬಂದವರು ಹೆಚ್ಚಾಗಿ ಕಡಲಂಚಿನ ಹೆದ್ದಾರಿಯನ್ನೇ ಹಿಡಿದು, ಕಾರು, ಬಸ್ಸು, ಸ್ಕೂಟರ್‌ಗಳ ನಡುವೆ ದಿನವಿಡೀ ನುಸುಳಿ ದಣಿಯುತ್ತಾರೆ. ಇಲ್ಲಿ ನಿಶ್ಶಬ್ದವಾದ ರಸ್ತೆಗಳು ಧಾರಾಳವಾಗಿವೆ. ಅವು ಎಲ್ಲಿವೆ ಎಂಬುದನ್ನು ನಕ್ಷೆಯಿಂದಲೂ ಆ ನಾಡಿನ ಚರಿತ್ರೆಯಿಂದಲೂ ಮೊದಲೇ ಕಂಡುಕೊಳ್ಳಬಹುದು.

ಮೊದಲ ಹಂತ: ವಾಹನಗಳು ಬಿಟ್ಟುಹೋದ ರಸ್ತೆಯನ್ನು ಗುರುತಿಸುವುದು

ನಕ್ಷೆಯನ್ನು ಬಿಡಿಸಿದ ಕೂಡಲೇ ಸುಂದರವಾದ ರಸ್ತೆ ಯಾವುದೆಂದು ನೋಡುವ ಬದಲು, ದೂರ ಹೋಗುವ ವಾಹನಗಳು ಯಾವ ರಸ್ತೆಯಲ್ಲಿ ಹರಿಯುತ್ತವೆ ಎಂದು ನೋಡಬೇಕು. ಈ ಆಲ್ಪ್-ಮಾರಿತೀಮ್ ಜಿಲ್ಲೆಯಲ್ಲಿ ಇಟಲಿಯ ಕಡೆಗಿನ ದಟ್ಟಣೆಯ ಬಹುಪಾಲನ್ನು ಎ8 ಮೋಟಾರು ಹೆದ್ದಾರಿ ಹೊರುತ್ತದೆ. ಅದರಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ಉಳಿದ ದಟ್ಟಣೆ ಕರಾವಳಿಯ ಡಿ6098 (ಡಿ ಎಂದರೆ ಜಿಲ್ಲಾ ರಸ್ತೆ), ಹಿಂದೆ ರಾಷ್ಟ್ರೀಯ ಹೆದ್ದಾರಿ 7 ಎನಿಸಿಕೊಂಡಿದ್ದ ಡಿ6007, ಮತ್ತು ವಾರ್ ನದಿಯ ಕಣಿವೆಯ ಡಿ6202 ರಸ್ತೆಗಳಲ್ಲಿ ಹರಿಯುತ್ತದೆ. ಈ ಜಿಲ್ಲೆಯ ಮಟ್ಟಿಗೆ ಒಂದು ಗುರುತನ್ನು ನೆನಪಿಟ್ಟುಕೊಂಡರೆ ಸಾಕು: 6ರಿಂದ ಆರಂಭವಾಗುವ ನಾಲ್ಕಂಕಿಯ ಡಿ ರಸ್ತೆಗಳು ಇತ್ತೀಚಿನವರೆಗೂ ರಾಷ್ಟ್ರೀಯ ಹೆದ್ದಾರಿಗಳಾಗಿದ್ದವು, ಆದ್ದರಿಂದ ಅವುಗಳಿಂದ ದೂರವಿರುವುದೇ ಒಳ್ಳೆಯದು. ಒಂದಂಕಿ, ಎರಡಂಕಿಯ ಡಿ ರಸ್ತೆಗಳು ಸಾಮಾನ್ಯವಾಗಿ ಹಳ್ಳಿಯಿಂದ ಹಳ್ಳಿಗೆ ಹೋಗುವಂಥವು. ಮಿಶೆಲಿನ್ ನಕ್ಷೆಯಲ್ಲಿ ಇವು ಹಳದಿ ಅಥವಾ ಬಿಳಿ ಬಣ್ಣದಲ್ಲಿರುತ್ತವೆ. ರಸ್ತೆಯ ಮೇಲೆ ಬಾಣದ ಒಂದು ಗುರುತಿದ್ದರೆ ಶೇ 5ರಿಂದ 9ರ ಏರು, ಎರಡಿದ್ದರೆ ಶೇ 9ರಿಂದ 13ರ ಏರು, ಮೂರಿದ್ದರೆ ಅದಕ್ಕಿಂತಲೂ ಕಡಿದು.

ಬಳಿಕ, ಪ್ರತಿಯೊಂದು ಕೊಲ್‌ನ, ಅಂದರೆ ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ರಸ್ತೆ ಆಚೆಗೆ ದಾಟುವ ಜಾಗದ, ಅಡಿಯಲ್ಲಿ ಸುರಂಗವಿದೆಯೇ ಎಂದು ಹುಡುಕಬೇಕು. ಸುರಂಗವೊಂದು ಕೊರೆಯಲ್ಪಟ್ಟ ದಿನದಿಂದ ಮೇಲಿನ ಹಳೆಯ ರಸ್ತೆ ಸೈಕಲ್ ಸವಾರರ ಪಾಲಿಗೆ ಉಳಿದುಬಿಡುತ್ತದೆ. ನೀಸ್‌ನಿಂದ ಉಪ್ಪನ್ನು ಬೆಟ್ಟ ದಾಟಿಸಿ ತೂರಿನ್‌ಗೆ ಸಾಗಿಸುತ್ತಿದ್ದ ಹೇಸರಗತ್ತೆಗಳ ದಾರಿಯ ಮೇಲೆ, ನೀಸ್ ಇನ್ನೂ ಸವಾಯ್ ರಾಜವಂಶದ ಆಳ್ವಿಕೆಯಲ್ಲಿದ್ದ 1780ರ ದಶಕದಲ್ಲಿ ಕುದುರೆಗಾಡಿಯ ರಸ್ತೆಯನ್ನು ಕಟ್ಟಲಾಯಿತು. 1860ರಲ್ಲಿ ನೀಸ್ ಫ್ರಾನ್ಸಿಗೆ ಸೇರಿತು. 1928ರಲ್ಲಿ ನೀಸ್‌ನಿಂದ ಇಟಲಿಯ ಕುನೆಯೊಗೆ ಹೋಗುವ ರೈಲುಮಾರ್ಗವು ಆ ಹಳೆಯ ರಸ್ತೆ ದಾಟುವ ಬ್ರೋಸ್ ಬೆಟ್ಟದ ಅಡಿಯಲ್ಲಿ ಸುಮಾರು 6 ಕಿ.ಮೀ. ಉದ್ದದ ಸುರಂಗದ ಮೂಲಕ ಹಾದುಹೋಯಿತು. ತುರಿನಿ ಎಂಬ ಕೊಲ್‌ನಿಂದ ಮೇಲಿನ ಓತ್ಯೋಂ ಬೆಟ್ಟದಲ್ಲಿರುವ ರಸ್ತೆಗಳು ಇಟಲಿಯ ಗಡಿ ಕಾಯುವ ಕೋಟೆಗಳಿಗೆ ಸೈನ್ಯ ಸಾಗಿಸುವ ಸಲುವಾಗಿ ಹುಟ್ಟಿದವು. ಈ ಚರಿತ್ರೆ ಸವಾರನ ಕಾಲಿಗೆ ನೇರವಾಗಿ ತಟ್ಟುತ್ತದೆ. ಭಾರ ಎಳೆಯುವ ಪ್ರಾಣಿಗಳನ್ನು ಲೆಕ್ಕದಲ್ಲಿಟ್ಟು ಕಟ್ಟಿದ ರಸ್ತೆಯ ಏರು ಶೇ 6 ಅಥವಾ 7ರ ಆಸುಪಾಸಿನಲ್ಲಿ ಸಮನಾಗಿ ಸಾಗುತ್ತದೆ. ಒಂದು ಲಯ ಹಿಡಿದರೆ ಗಂಟೆಗಟ್ಟಲೆ ತುಳಿಯಬಹುದು.

ಎರಡನೆಯ ಹಂತ: ತಿಂಗಳು, ವಾರ, ಗಂಟೆ

ಏಪ್ರಿಲ್‌ನಿಂದ ಜೂನ್ ನಡುವೆ ಮತ್ತು ಸೆಪ್ಟೆಂಬರ್‌ನಿಂದ ಅಕ್ಟೋಬರ್ ಆರಂಭದವರೆಗೆ ಹೋಗುವುದು ಉತ್ತಮ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಪ್ರವಾಸಿಗರ ಕಾರುಗಳೂ ಒಟ್ಟಿಗೇ ಏರುತ್ತವೆ. ಶರತ್ಕಾಲದ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2020ರ ಅಕ್ಟೋಬರ್ 2ರಂದು ಬಂದ ಅಲೆಕ್ಸ್ ಚಂಡಮಾರುತವು ರೋಯಾ ಮತ್ತು ವೆಸುಬಿ ಕಣಿವೆಗಳಲ್ಲಿ ರಸ್ತೆಗಳನ್ನೂ ಸೇತುವೆಗಳನ್ನೂ ಕೊಚ್ಚಿಕೊಂಡು ಹೋಯಿತು. ಆದ್ದರಿಂದ ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ರಸ್ತೆ ಮಾಹಿತಿಯನ್ನು ನೋಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಚಳಿಗಾಲದಲ್ಲಿ ತಗ್ಗಿನ ಕೊಲ್‌ಗಳು ಬಹುತೇಕ ತೆರೆದಿದ್ದರೂ 1,607 ಮೀಟರ್ ಎತ್ತರದ ತುರಿನಿಯಲ್ಲಿ ಹಿಮ ಬೀಳುತ್ತದೆ.

ವಾರದ ದಿನವನ್ನು ಆರಿಸುವಾಗ ರಸ್ತೆಗೊಂದು ಲೆಕ್ಕವಿರಬೇಕು. ನೀಸ್‌ನಿಂದ ಒಳನಾಡಿಗೆ ಹೋಗುವ ಪಾಯೋಂ ಕಣಿವೆಯಲ್ಲಿ ಸಿಮೆಂಟ್ ಮತ್ತು ಕಲ್ಲುಗಣಿಗಳ ಲಾರಿಗಳು ಓಡಾಡುತ್ತವೆ. ಫ್ರಾನ್ಸಿನಲ್ಲಿ ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ ಭಾರಿ ಸರಕು ಲಾರಿಗಳ ಸಂಚಾರಕ್ಕೆ ಸಾಮಾನ್ಯವಾಗಿ ನಿರ್ಬಂಧವಿರುವುದರಿಂದ ಈ ಕಣಿವೆಗೆ ಭಾನುವಾರದ ಬೆಳಗು ಸೂಕ್ತ. ಇದಕ್ಕೆ ತದ್ವಿರುದ್ಧವಾಗಿ, ಮಾಂಟೆ ಕಾರ್ಲೊ ಕಾರು ರ‍್ಯಾಲಿಯಿಂದ ಹೆಸರಾದ ತುರಿನಿ ರಸ್ತೆಗೆ ಭಾನುವಾರ ಮೋಟರ್‌ಸೈಕಲ್‌ಗಳು ಮುತ್ತುತ್ತವೆ. ಅಲ್ಲಿಗೆ ಮಂಗಳವಾರವೋ ಬುಧವಾರವೋ ಹೋಗಬೇಕು.

ಮೂರನೆಯ ಹಂತ: ಸೈಕಲ್ ಮತ್ತು ಕಾನೂನು

ಹತ್ತು ಕಿಲೋಮೀಟರ್ ಉದ್ದದ ಏರನ್ನು ಮಂಡಿ ನೋಯಿಸಿಕೊಳ್ಳದೆ ಹತ್ತಲು ಮುಂದೆ 34 ಹಲ್ಲಿನ, ಹಿಂದೆ 32 ಹಲ್ಲಿನ ಗೇರ್ ಇದ್ದರೆ ಹೆಚ್ಚಿನವರಿಗೆ ಸಾಕು. ಟೈರ್ 28 ಮಿ.ಮೀ. ಅಗಲವಿರಲಿ. ನೀಸ್‌ನಲ್ಲಿ ಬಾಡಿಗೆ ಸೈಕಲ್ ಪಡೆಯುವ ನಮ್ಮ ಕಡೆಯವರು ಗಮನಿಸಲೇಬೇಕಾದ ಒಂದು ಸಂಗತಿಯಿದೆ: ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರವನ್ನು ಹಿಡಿಯುತ್ತದೆ, ಅಲ್ಲಿ ಎಡಗೈ ಬ್ರೇಕ್ ಮುಂದಿನದು. ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವುದಕ್ಕೆ ಒಂದೆರಡು ಗಂಟೆಗಳಲ್ಲಿ ಒಗ್ಗಿಕೊಳ್ಳಬಹುದು, ಆದರೆ ಗಾಬರಿಯಾದಾಗ ಕೈ ತನ್ನ ಹಳೆಯ ಅಭ್ಯಾಸಕ್ಕೇ ಮರಳುತ್ತದೆ. ಅದಕ್ಕಾಗಿ ಬೆಟ್ಟಕ್ಕೆ ಹೋಗುವ ಮುನ್ನ ಕಡಲತೀರದ ಪ್ರೊಮೆನಾದ್ ದೆಜಾಂಗ್ಲೆಯ ಸೈಕಲ್ ಪಥದಲ್ಲಿ ಬ್ರೇಕ್ ಹಿಡಿಯುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಬೇಕು.

ಫ್ರಾನ್ಸಿನ ಕಾನೂನಿನಂತೆ ಸೈಕಲ್‌ಗೆ ಗಂಟೆ ಇರಬೇಕು. ಕತ್ತಲಲ್ಲಿ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪ ಬೇಕು. ಊರ ಹೊರಗೆ ರಾತ್ರಿಯಲ್ಲಾಗಲಿ ಮಬ್ಬಿನಲ್ಲಾಗಲಿ ಹೊಳೆಯುವ ಮೇಲಂಗಿ ತೊಡಬೇಕು. ಕಿವಿಯಲ್ಲಿ ಇಯರ್‌ಫೋನ್ ಇರಕೂಡದು. ಸೈಕಲ್ ಅನ್ನು ಹಿಂದಿಕ್ಕುವ ವಾಹನ ಊರೊಳಗೆ ಕನಿಷ್ಠ 1 ಮೀಟರ್, ಊರ ಹೊರಗೆ 1.5 ಮೀಟರ್ ಅಂತರ ಬಿಡಬೇಕು. ತುರ್ತು ಸಂಖ್ಯೆ 112.

ನಾಲ್ಕನೆಯ ಹಂತ: ದಾರಿಯನ್ನು ಜೋಡಿಸುವುದು

ಮೊದಲ ದಿನಕ್ಕೆ ನಾನು ಸೂಚಿಸುವುದು ನೀಸ್‌ನಿಂದ ಗ್ರಾಂದ್ ಕಾರ್ನಿಶ್ ಮೂಲಕ ಮಾಂತೋಂ ತಲುಪುವ ಸುಮಾರು 50 ಕಿ.ಮೀ. ದಾರಿ. ನೀಸ್ ಮತ್ತು ಮಾಂತೋಂ ನಡುವೆ ಬೆಟ್ಟದ ಮೈಯಲ್ಲಿ ಒಂದರ ಮೇಲೊಂದರಂತೆ ಮೂರು ಕಾರ್ನಿಶ್ ರಸ್ತೆಗಳಿವೆ. ಎಲ್ಲಕ್ಕಿಂತ ಮೇಲಿನದಾದ ಗ್ರಾಂದ್ ಕಾರ್ನಿಶ್ ಅನ್ನು ಕಟ್ಟಿಸಿದವನು ನೆಪೋಲಿಯನ್, ಮೂರರಲ್ಲಿ ಕಡಿಮೆ ದಟ್ಟಣೆಯಿರುವುದೂ ಅದರಲ್ಲೇ. ಸುಮಾರು 500 ಮೀಟರ್ ಎತ್ತರದ ಕೊಲ್ ದೆಜ್ ದಾಟಿದರೆ ಲಾ ತುರ್ಬಿ ಊರು ಸಿಗುತ್ತದೆ. ಆಲ್ಪ್ಸ್‌ನ ಬುಡಕಟ್ಟುಗಳನ್ನು ಗೆದ್ದ ನೆನಪಿಗೆ ಕ್ರಿ.ಪೂ. 6ರ ಸುಮಾರಿಗೆ ಎದ್ದ ರೋಮನ್ ಸಾಮ್ರಾಟ ಅಗಸ್ಟಸ್‌ನ ವಿಜಯಸ್ತಂಭ ಅಲ್ಲಿದೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕಾರಣದಿಂದ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಮೊದಲ ಬಾರಿಗೆ ನೀಸ್‌ನಲ್ಲಿ ಮುಗಿದಾಗ, ಮೊನಾಕೊದಿಂದ ಹೊರಟ ಕೊನೆಯ ದಿನದ ಏಕಾಂಗಿ ಓಟ ಇದೇ ಲಾ ತುರ್ಬಿ, ಇದೇ ಕೊಲ್ ದೆಜ್ ಮೇಲೆ ಹಾದುಹೋಯಿತು. ಲಾ ತುರ್ಬಿಯಿಂದ ಮುಂದಕ್ಕೆ ಕಾರ್ನಿಶ್ ಬಿಟ್ಟು ಡಿ53 ಹಿಡಿದು ಪೇಯ್ ಹಳ್ಳಿಯತ್ತ ತಿರುಗಿದೊಡನೆ ವಾಹನಗಳು ವಿರಳವಾಗುತ್ತವೆ. ಪೇಯ್‌ನಿಂದ ಡಿ22ರಲ್ಲಿ 927 ಮೀಟರಿನ ಕೊಲ್ ದ ಲಾ ಮಡೋನ್‌ಗೆ ಏರಿದರೆ, ಆಚೆಬದಿಯಲ್ಲಿ ಮಾಂತೋಂವರೆಗೂ ಇಳಿಜಾರೇ. ಒಂದು ಪ್ರಸಿದ್ಧ ರೇಸಿಂಗ್ ಸೈಕಲ್‌ಗೆ ಹೆಸರು ಬಂದದ್ದು ಈ ಮಡೋನ್‌ನಿಂದಲೇ. ಹಿಂದಿರುಗಲು ಕರಾವಳಿಯ ರೈಲಿದೆ; ಸ್ಥಳವಿದ್ದರೆ ಅದರಲ್ಲಿ ಸೈಕಲ್ ಒಯ್ಯಬಹುದು, ಆದರೆ ಕಚೇರಿ ಬಿಡುವ ಹೊತ್ತನ್ನು ತಪ್ಪಿಸುವುದು ಲೇಸು.

ಕಾಲು ಹದಗೊಂಡ ಮೇಲೆ ಉಪ್ಪಿನ ಹಾದಿ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಅತ್ಯುತ್ತಮ ದಾರಿ ಇದೇ, ಒಂದೇ ದಿನ ಕೈಯಲ್ಲಿರುವವರು ಬೇರೆಲ್ಲವನ್ನೂ ಬಿಟ್ಟು ಇದನ್ನೇ ಆರಿಸಬೇಕು. ಪಾಯೋಂ ಕಣಿವೆಯ ಲಾರಿಗಳು ಬೇಡವೆನಿಸಿದರೆ ನೀಸ್‌ನಿಂದ ತಾಂದ್‌ಗೆ ಹೋಗುವ ರೈಲಿನಲ್ಲಿ ಲೆಸ್ಕರೆನ್‌ಗೆ ಬಂದು ಇಳಿಯಬಹುದು. ಅಲ್ಲಿಂದ ಡಿ2204 ರಸ್ತೆ ಸುಮಾರು 10 ಕಿ.ಮೀ. ಏರಿ 1,002 ಮೀಟರ್ ಎತ್ತರದ ಕೊಲ್ ದ ಬ್ರೋಸ್ ಸೇರುತ್ತದೆ. ಕಲ್ಲಿನ ಆಧಾರಗೋಡೆಗಳ ಮೇಲೆ ಒಂದಕ್ಕೊಂದು ಒತ್ತಿ ನಿಂತ ಹೇರ್‌ಪಿನ್ ತಿರುವುಗಳನ್ನು ಏರುವಾಗ ಗಾಡಿರಸ್ತೆ ಕಟ್ಟಿದವರ ಲೆಕ್ಕಾಚಾರ ಎಷ್ಟು ನಿಖರವಾಗಿತ್ತೆಂಬುದು ಅನುಭವಕ್ಕೆ ಬರುತ್ತದೆ. ನೆತ್ತಿಯ ಬಳಿ ರೆನೆ ವಿಯೆತ್ತೊ ಅವರ ಸ್ಮಾರಕವಿದೆ. ಕಾನ್ ಪಟ್ಟಣದ ಕಡೆಯ ಈ ಸವಾರ 1934ರ ಟೂರ್‌ನಲ್ಲಿ, ಇಪ್ಪತ್ತರ ಹರೆಯದಲ್ಲಿ, ತನ್ನ ತಂಡದ ನಾಯಕ ಆಂತೊನಿನ್ ಮಾನ್ಯ್ ಅವರಿಗೆ ತನ್ನ ಚಕ್ರವನ್ನೇ ಬಿಚ್ಚಿಕೊಟ್ಟು, ಗೆಲ್ಲುವ ಅವಕಾಶವನ್ನು ಕಳೆದುಕೊಂಡರು. ಅವರ ಚಿತಾಭಸ್ಮ ಈ ಕೊಲ್‌ನಲ್ಲೇ ಇದೆ. ಸವಾರರು ಇಲ್ಲಿ ಒಂದು ಕ್ಷಣ ನಿಂತು ಗೌರವ ಸಲ್ಲಿಸಿ ಮುಂದೆ ಹೋಗುವುದು ಉಚಿತ.

ಆಚೆಬದಿಗೆ ಇಳಿದರೆ ಬೆವೆರಾ ನದಿಯ ದಂಡೆಯಲ್ಲಿ ಸೊಸ್ಪೆಲ್. ಸುಂಕದ ಗೋಪುರವನ್ನು ನಡುವೆ ಹೊತ್ತು ನಿಂತಿರುವ ಅಲ್ಲಿಯ ಹಳೆಯ ಸೇತುವೆ ಎರಡನೆಯ ಮಹಾಯುದ್ಧದಲ್ಲಿ ಹಾನಿಗೊಂಡು, ಆನಂತರ ಮತ್ತೆ ಕಟ್ಟಲ್ಪಟ್ಟಿದೆ. ಊಟ ಇಲ್ಲಿಯೇ ಆಗಬೇಕು, ಏಕೆಂದರೆ ಹಳ್ಳಿಯ ಅಂಗಡಿಗಳು ಮಧ್ಯಾಹ್ನ ದೀರ್ಘಕಾಲ ಬಾಗಿಲು ಹಾಕುತ್ತವೆ. ಸೊಸ್ಪೆಲ್‌ನಿಂದ ಮಾಂತೋಂ ಕಡೆಗೆ ಹೋಗುವಾಗ ಕಸ್ತಿಯೋಂ ಬಳಿ ಹೊಸ ರಸ್ತೆ ಸುರಂಗಕ್ಕೆ ನುಗ್ಗುತ್ತದೆ, ಹಳೆಯ ರಸ್ತೆ 706 ಮೀಟರ್ ಎತ್ತರದ ಕೊಲ್ ಮೇಲೆ ಹಾಯುತ್ತದೆ. ಸೈಕಲ್‌ನವರು ಮೇಲಿನದನ್ನೇ ಹಿಡಿಯಬೇಕು. ಲೆಸ್ಕರೆನ್‌ನಿಂದ ಕಡಲಿನವರೆಗೆ ಒಟ್ಟು ಸುಮಾರು 45 ಕಿ.ಮೀ. ಆಗುತ್ತದೆ. ಇನ್ನೂ ಶಕ್ತಿಯುಳ್ಳವರು ಸೊಸ್ಪೆಲ್‌ನಲ್ಲಿ ತಂಗಿ, ಮರುದಿನ ಮೂಲಿನೆ ಹಳ್ಳಿಯ ಮೂಲಕ ಸುಮಾರು 24 ಕಿ.ಮೀ. ಏರಿ ತುರಿನಿ ಸೇರಬಹುದು. ಅಲ್ಲಿಂದ ಡಿ68 ರಸ್ತೆ 2,000 ಮೀಟರ್ ಮೀರಿದ ಓತ್ಯೋಂ ಬೆಟ್ಟವನ್ನು, 1945ರ ಏಪ್ರಿಲ್‌ನಲ್ಲಿ ಕಾಳಗ ನಡೆದ ಹಳೆಯ ಕೋಟೆಗಳನ್ನು, ಸುತ್ತಿ ಬರುತ್ತದೆ.

ನೀಸ್‌ನ ಪಶ್ಚಿಮಕ್ಕೆ ವಾಂಸ್ ಊರಿನಿಂದ 963 ಮೀಟರಿನ ಕೊಲ್ ದ ವಾಂಸ್ ಏರಿ, ಕುರ್ಸ್‌ಗೂಲ್, ಗ್ರೆಯೊಲಿಯೇರ್ ಹಾದು, ಲೂ ನದಿಯ ಕಮರಿಯಲ್ಲಿ ಇಳಿದು ಬರುವ ಸುತ್ತುದಾರಿಯೂ ಚೆನ್ನಾಗಿದೆ. ಆದರೆ ಏರಿನುದ್ದಕ್ಕೂ ಬೋಳು ಸುಣ್ಣಕಲ್ಲಿನ ನೆಲ, ನೆರಳಿಲ್ಲ. ಬೆಳಿಗ್ಗೆ ಎಂಟರೊಳಗೆ ಏರಲು ತೊಡಗಬೇಕು.

ಐದನೆಯ ಹಂತ: ನೀರು, ಚಳಿ, ಇಳಿಜಾರು

ಹೆಚ್ಚಿನ ಹಳ್ಳಿಗಳ ಚೌಕದಲ್ಲಿ ಕಲ್ಲಿನ ಕಾರಂಜಿಯಿಂದ ನೀರು ಬೀಳುತ್ತಿರುತ್ತದೆ. ‘ಓ ನೋ ಪೊತಾಬ್ಲ್’ ಎಂಬ ಫಲಕವಿದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಎರಡು ಬಾಟಲಿಗಳನ್ನು ತುಂಬಿಕೊಂಡೇ ಏರಿಗೆ ಹೊರಡಬೇಕು. ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ ಇಳಿಯುವುದರಿಂದ, ಕಡಲಬದಿಯಲ್ಲಿ 22 ಡಿಗ್ರಿ ಇರುವ ದಿನ ತುರಿನಿಯ ನೆತ್ತಿಯಲ್ಲಿ 12ರ ಸುಮಾರಿಗಿರುತ್ತದೆ. ಬೆವರಿನಲ್ಲಿ ನೆನೆದ ಮೈಗೆ ಇಳಿಜಾರಿನ ಗಾಳಿ ಬಡಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದೇ ಕಷ್ಟವಾಗುತ್ತದೆ. ಆದ್ದರಿಂದ ಮಡಚಿ ಜೇಬಿಗಿಡಬಹುದಾದ ಗಾಳಿತಡೆ ಅಂಗಿಯನ್ನು ನೆತ್ತಿಯಲ್ಲಿಯೇ, ಇಳಿಯುವ ಮೊದಲೇ, ತೊಟ್ಟುಕೊಳ್ಳಬೇಕು.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿಯದೆ, ತಿರುವಿನ ಮುಂಚೆ ನೇರ ಹಾದಿಯಲ್ಲಿ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಬೇಕು. ಮಳೆಯ ಮರುದಿನ ಬಂಡೆಯ ಬದಿಯಲ್ಲಿ ಕಲ್ಲುಚೂರುಗಳು ಬಿದ್ದಿರುತ್ತವೆ. ಬಲ ತಿರುವಿನಲ್ಲಿ ರಸ್ತೆಯ ಮಧ್ಯಕ್ಕೆ ಸರಿಯಬಾರದು. ಎದುರಿನಿಂದ ಬರುವವರೂ ನಿಮ್ಮಂತೆಯೇ ರಸ್ತೆ ಖಾಲಿಯಿದೆಯೆಂದು ನಂಬಿರುತ್ತಾರೆ. ಮಾಂತೋಂ ಅಥವಾ ನೀಸ್ ಹತ್ತಿರವಾಗುವ ಕೊನೆಯ ನಾಲ್ಕೈದು ಕಿಲೋಮೀಟರ್‌ಗಳಲ್ಲಿ ಅಡ್ಡರಸ್ತೆಗಳು ಹೆಚ್ಚುತ್ತವೆ, ಫಲಕವಿಲ್ಲದ ಕಡೆ ಬಲಗಡೆಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು. ಆದ್ದರಿಂದ ಬೆಟ್ಟದ ವೇಗವನ್ನು ಊರಿನ ಮೊದಲ ಮನೆ ಕಾಣುವಲ್ಲಿಯೇ ಇಳಿಸಿಕೊಂಡು ಒಳಗೆ ಹೋಗಬೇಕು.