ಮಳೆಗಾಲದ ಅಂಗಳದಲ್ಲಿ ಡೇರೆ ಉಳಿಸಿಕೊಂಡ ಬಗೆ

ಸಾಗರ ಸೀಮೆಯ ನಮ್ಮ ಮನೆಯ ಅಂಗಳದಲ್ಲಿ ಮಳೆಗಾಲವೆಂದರೆ ಡೇರೆ ಹೂವಿನ (ಡೇಲಿಯಾ) ಕಾಲ. ಕೃತ್ತಿಕಾ ಮಳೆಯ ಹನಿ ಬಿದ್ದ ಮೇಲೆ ಗೆಡ್ಡೆಗಳನ್ನು ಮಣ್ಣಿಗೆ ಇಟ್ಟು, ಆಶ್ಲೇಷಾ, ಮಘಾ ಮಳೆಗಳ ಹೊತ್ತಿಗೆ ಹೂ ನೋಡುವುದು ನಮ್ಮ ಮನೆಯ ರೂಢಿ. ಆದರೆ ಡೇರೆ ಬಯಸುವ ತಂಪು, ಸೊಪ್ಪುಗೊಬ್ಬರ ಬೆರೆತ ಸಡಿಲ ಮಣ್ಣು, ಬುಡಕ್ಕೆ ಹಾಸಿದ ದರಕಿನ (ಒಣ ಎಲೆಗಳ) ಮುಚ್ಚಿಗೆ, ಇವೆಲ್ಲವೂ ಬಸವನಹುಳುವಿಗೂ ಸಿಂಬಳದ ಹುಳುವಿಗೂ ಅಷ್ಟೇ ಪ್ರಿಯ. ಸಂಜೆ ನಾಲ್ಕೆಲೆ ಬಿಟ್ಟು ನಿಂತಿದ್ದ ಚಿಗುರು ಬೆಳಗಾಗುವಷ್ಟರಲ್ಲಿ ಬುಡಮಟ್ಟಕ್ಕೆ ಬೋಳಾಗಿ, ಪಕ್ಕದ ಮಣ್ಣಿನ ಮೇಲೆ ಬೆಳ್ಳಿಬಣ್ಣದ ಅಂಟುಗೆರೆಯೊಂದೇ ಉಳಿದಿದ್ದರೆ, ಅದು ಯಾರ ಕೆಲಸವೆಂದು ಬೇರೆ ವಿಚಾರಿಸಬೇಕಿಲ್ಲ. ಅಂಟುಗೆರೆ ಮಳೆಗೆ ತೊಳೆದುಹೋಗಿದ್ದರೆ ಎಲೆಯನ್ನೇ ಪರೀಕ್ಷಿಸಬೇಕು: ಕಂಬಳಿಹುಳು ತಿಂದಲ್ಲಿ ಸಾಮಾನ್ಯವಾಗಿ ಹಿಕ್ಕೆಯ ಕಪ್ಪು ಕಾಳುಗಳು ಬಿದ್ದಿರುತ್ತವೆ, ಇವು ತಿಂದಲ್ಲಿ ಅಂಥ ಕಾಳುಗಳಿರುವುದಿಲ್ಲ, ತೂತುಗಳು ಅಡ್ಡಾದಿಡ್ಡಿಯಾಗಿದ್ದರೂ ಅಂಚು ನುಣುಪಾಗಿರುತ್ತದೆ.

ಯಾವ ಗಿಡವನ್ನು ತಿನ್ನುತ್ತವೆ ಎನ್ನುವುದಕ್ಕಿಂತ ಯಾವ ಪ್ರಾಯದಲ್ಲಿ ತಿನ್ನುತ್ತವೆ ಎಂಬುದನ್ನು ಗಮನಿಸಲು ತೊಡಗಿದ ಮೇಲೆಯೇ ನನ್ನ ಆರೈಕೆಗೆ ಒಂದು ಕ್ರಮ ಬಂದಿತು. ಚೆಂಡುಹೂವಿನ ಸಸಿ ಗೇಣುದ್ದ ಬೆಳೆಯುವವರೆಗೆ ಅವುಗಳಿಗೆ ಎಲ್ಲಕ್ಕಿಂತ ಇಷ್ಟ. ಅದೇ ಗಿಡ ಕಾಂಡ ಬಲಿತು ಕವಲೊಡೆದ ಮೇಲೆ ಕೆಳಗಿನ ಕೆಲವು ಎಲೆಗಳನ್ನು ಕಳೆದುಕೊಂಡರೂ ಬದುಕಿಕೊಳ್ಳುತ್ತದೆ. ಡೇರೆಯದೂ ಹೀಗೆಯೇ. ಗೆಡ್ಡೆಯ ಕಣ್ಣಿನಿಂದ ಹೊರಟ ಮೊದಲ ಮೊಳಕೆ ನೀರು ತುಂಬಿದ ಮೆದು ತಿರುಳಾಗಿರುವುದರಿಂದ ಒಂದೇ ರಾತ್ರಿಯಲ್ಲಿ ಮುಗಿದುಹೋಗುತ್ತದೆ. ಗೆಡ್ಡೆ ಮತ್ತೆ ಮೊಳೆಯುತ್ತದೆ ನಿಜ, ಆದರೆ ಪ್ರತಿ ಸಲವೂ ಅದರ ಶಕ್ತಿ ಕುಂದುತ್ತದೆ, ಹೂವು ತಡವಾಗುತ್ತದೆ. ಜೀನಿಯಾ, ಗೌರಿಹೂ, ಸೇವಂತಿಗೆಯ ಎಳೆ ಸಸಿಗಳೂ, ಹಿತ್ತಿಲಿನಲ್ಲಿ ಸೌತೆ, ಹೀರೆ, ಬೀನ್ಸುಗಳ ಬೀಜದೆಲೆಗಳೂ, ಪಪ್ಪಾಯಿಯ ಸಸಿಗಳೂ ಇದೇ ಸಾಲಿಗೆ ಸೇರುತ್ತವೆ. ಬಸಳೆ ಚಪ್ಪರಕ್ಕೆ ಹತ್ತಿದ ಮೇಲೂ ಬಿಡುಗಡೆಯಿಲ್ಲ, ಏಕೆಂದರೆ ಅದರ ಎಲೆ ಎಂದಿಗೂ ಮೆದುವಾಗಿಯೇ ಇರುತ್ತದೆ. ಮರಕ್ಕೆ ಕಟ್ಟಿದ ಸೀತಾಳೆಯಲ್ಲಿ (ಆರ್ಕಿಡ್) ಅವು ಎಲೆಯನ್ನು ಬಿಟ್ಟು ಬೇರಿನ ಹಸಿರು ತುದಿಯನ್ನೂ ಹೂದಂಡೆಯ ಎಳೆ ಮೊಗ್ಗುಗಳನ್ನೂ ಆರಿಸಿ ತಿನ್ನುವುದನ್ನು ಕಂಡಿದ್ದೇನೆ. ಇದಕ್ಕೆ ಪ್ರತಿಯಾಗಿ ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಕಣಗಿಲೆ, ಜರಿಗಿಡಗಳನ್ನು ನಮ್ಮಲ್ಲಿ ಅವು ಮುಟ್ಟಿದ್ದೇ ಅಪರೂಪ. ಹಾಗಾಗಿ ತೇವ ಹೆಚ್ಚಿರುವ ಕಟ್ಟೆಯ ಬುಡಕ್ಕೆ ಈಗ ಇವನ್ನೇ ನೆಡುತ್ತೇನೆ.

ನಮ್ಮ ಅಂಗಳದಲ್ಲಿ ಹೆಚ್ಚು ಹಾನಿ ಮಾಡುವವು ಎರಡು. ಒಂದು ಆಫ್ರಿಕಾದ ದೈತ್ಯ ಬಸವನಹುಳು, ತೋಟಿಗರ ಮಾತಿನಲ್ಲಿ ಶಂಖದ ಹುಳು. ಪೂರ್ವ ಆಫ್ರಿಕಾ ಮೂಲದ ಈ ಜೀವಿಯನ್ನು 1847ರಲ್ಲಿ ಬೆನ್ಸನ್ ಎಂಬ ಶಂಖಪ್ರಾಣಿಗಳ ಅಭ್ಯಾಸಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದನು; ಅಲ್ಲಿಂದ ಅದು ದೇಶದ ಅನೇಕ ಕಡೆ ಹಬ್ಬಿತು. ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಕೂಡಿದ ಎರಡೂ ಹುಳುಗಳು ಮೊಟ್ಟೆಯಿಡಬಲ್ಲವು. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಮಣ್ಣಿನೊಳಗೆ ಇಡುತ್ತದೆ. ಇನ್ನೊಂದು ಚಿಪ್ಪಿಲ್ಲದ, ಕಪ್ಪು ತೊಗಲಿನಂತೆ ಚಪ್ಪಟೆಯಾಗಿರುವ, ಬೆನ್ನಿನ ನಡುವೆ ತಿಳಿಬಣ್ಣದ ಗೆರೆಯುಳ್ಳ ಸಿಂಬಳದ ಹುಳು. ಇದು ಹಗಲಿನಲ್ಲಿ ಕುಂಡದ ತಳದ ತೂತಿನಲ್ಲೋ ಹೆಂಟೆಯ ಸಂದಿಯಲ್ಲೋ ಅಡಗುವುದರಿಂದ ಹುಡುಕುವುದು ಹೆಚ್ಚು ಕಷ್ಟ.

ಬಸವನಹುಳುಗಳೆಲ್ಲವೂ ಶತ್ರುಗಳಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಪಶ್ಚಿಮಘಟ್ಟದಲ್ಲಿ ಮಾತ್ರ ಕಾಣಸಿಗುವ ಇಂಡ್ರೆಲ್ಲಾದಂಥ, ಮೈಯೆಲ್ಲ ಕೆಂಪು ಅಥವಾ ಹಳದಿಯಾಗಿರುವ ಚೆಲುವಾದ ಜಾತಿಗಳು ನಮ್ಮ ಕಾಡಿನವು. ಕಂದುಬಣ್ಣದ ಮೇಲೆ ಗಾಢ ಪಟ್ಟೆಗಳಿರುವ, ತುದಿ ಚೂಪಾಗಿ ಉದ್ದವಾಗಿರುವ ಚಿಪ್ಪನ್ನು ಮಾತ್ರ ನಾನು ಬಕೆಟ್ಟಿಗೆ ಹಾಕುತ್ತೇನೆ. ದುಂಡನೆಯ, ಬಾಯಿಗೆ ಮುಚ್ಚಳವಿರುವ ಚಿಪ್ಪಿನವು ಸಿಕ್ಕರೆ ಬೇಲಿಯಾಚೆ ಬಿಡುತ್ತೇನೆ. ಕಂಡದ್ದನ್ನೆಲ್ಲ ಕೊಲ್ಲುವ ಅಭ್ಯಾಸ ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು ನಾನು ಅನುಸರಿಸುವ ಕ್ರಮ. ಡೇರೆ ಗೆಡ್ಡೆಗಳನ್ನು ನೇರವಾಗಿ ಅಂಗಳಕ್ಕೆ ಊರದೆ, ಏಪ್ರಿಲ್ ಕೊನೆಯಲ್ಲಿಯೇ ಸಣ್ಣ ಕುಂಡಗಳಲ್ಲಿ ಇಟ್ಟು, ಆ ಕುಂಡಗಳನ್ನು ಬಿಸಿಲು ಬೀಳುವ ಕಡೆ ಎತ್ತರದ ಕಬ್ಬಿಣದ ಮಣೆಯ ಮೇಲೆ ಜೋಡಿಸುತ್ತೇನೆ. ಮಣೆಯ ಕಾಲುಗಳು ನೀರು ತುಂಬಿದ ಬಟ್ಟಲುಗಳಲ್ಲಿರುತ್ತವೆ. ಗಿಡ ಮೊಳಕಾಲೆತ್ತರಕ್ಕೆ ಬಂದು, ಕಾಂಡ ಬೆರಳಿಗೆ ಗಟ್ಟಿಯಾಗಿ ತಗುಲಿದ ಮೇಲೆಯೇ ನೆಲಕ್ಕಿಳಿಸುವುದು. ಮೃಗಶಿರಾ ಮಳೆ ಹಿಡಿಯುವಾಗ ಗಿಡ ಈ ಹಂತ ದಾಟಿರಬೇಕು ಎಂಬುದೇ ನನ್ನ ಲೆಕ್ಕಾಚಾರ. ನೆಟ್ಟ ಮೇಲೆ ಮೊದಲ ಕೆಲವು ವಾರ ಬುಡದ ಸುತ್ತ ಒಂದು ಮೊಳದಷ್ಟು ಜಾಗವನ್ನು ಬರಿದಾಗಿಯೇ ಬಿಟ್ಟು, ದರಕನ್ನು ಆಮೇಲೆ ಹಾಸುತ್ತೇನೆ. ನೆಲ ಮುಟ್ಟುವ ಎಲೆಗಳನ್ನು ಚಿವುಟಿ ತೆಗೆಯುತ್ತೇನೆ.

ಹಿಡಿಯುವುದಕ್ಕೆ ಅಡಿಕೆ ಹಾಳೆಯಷ್ಟು ಒದಗುವ ವಸ್ತು ಬೇರೊಂದಿಲ್ಲ. ಸಂಜೆ ಹಾಳೆಗಳನ್ನು ನೆನೆಸಿ, ಗಿಡಗಳ ಸಾಲಿನ ನಡುವೆ ಬೋರಲು ಹಾಕಿ, ಅಡಿಯಲ್ಲಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಹೊರಪದರ ಇಟ್ಟರೆ, ಬೆಳಕು ಹರಿಯುವಾಗ ಹುಳುಗಳು ಅಲ್ಲಿಯೇ ಆಶ್ರಯ ಪಡೆದಿರುತ್ತವೆ. ಒದ್ದೆ ಗೋಣಿಚೀಲವೂ ಆಗಬಹುದು. ಕತ್ತಲಾಗಿ ಒಂದೆರಡು ಗಂಟೆಯ ಮೇಲೆ ಬ್ಯಾಟರಿ ಹಿಡಿದು ಒಂದು ಸುತ್ತು ಬರುವುದೂ ಅಗತ್ಯ, ಏಕೆಂದರೆ ಸಿಂಬಳದ ಹುಳು ಎಲ್ಲ ಸಲವೂ ಹಾಳೆಯ ಅಡಿಗೆ ಬರುವುದಿಲ್ಲ. ಬರಿಗೈಯಿಂದ ಮಾತ್ರ ಯಾವುದನ್ನೂ ಮುಟ್ಟಬಾರದು. ಇಲಿಗಳ ಶ್ವಾಸಕೋಶದಲ್ಲಿ ಬದುಕುವ ಒಂದು ಜಾತಿಯ ಜಂತುವಿನ ಮರಿಗಳು ಈ ಹುಳುಗಳಲ್ಲಿರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ಉಂಟಾಗಬಹುದು. ಕೈಗವಸು ಹಾಕಿಕೊಂಡೋ ಚಿಮಟದಿಂದಲೋ ಎತ್ತಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಉಪ್ಪನ್ನು ಗಿಡದ ಬುಡಕ್ಕೆ ಎರಚುವುದು ಖಂಡಿತ ಸಲ್ಲದು, ಅದು ಮಣ್ಣನ್ನೂ ಬೇರನ್ನೂ ಕೆಡಿಸುತ್ತದೆ. ಬಕೆಟ್ಟಿನ ನೀರನ್ನೂ ತೋಟಕ್ಕೆ ಚೆಲ್ಲದೆ, ಸತ್ತವನ್ನು ದೂರದಲ್ಲಿ ಹೂಳುತ್ತೇನೆ.

ಬಚ್ಚಲೊಲೆಯ ಬೂದಿ, ಸುಣ್ಣದ ಪುಡಿ ಒಣಗಿರುವಾಗ ತಡೆಯುತ್ತವೆ. ಆರಿದ್ರಾ ಮಳೆಯಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ. ಮೊಟ್ಟೆಯ ಓಡು, ತಾಮ್ರದ ಪಟ್ಟಿಗಳ ವಿಷಯದಲ್ಲಿ ಹಲವರಿಗೆ ನಂಬಿಕೆಯಿದೆ, ಆದರೆ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಲೆಟ್ಯೂಸ್ ಗಿಡಗಳ ಮೇಲೆ ನಡೆಸಿ 2018ರಲ್ಲಿ ತಿಳಿಸಿದ ಪರೀಕ್ಷೆಯಲ್ಲಿ ಇಂಥ ಬೇಲಿಗಳಿಂದ ಹಾನಿ ಕಡಿಮೆಯಾದದ್ದು ಕಾಣಲಿಲ್ಲ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಹುಳುಗಳನ್ನು ಕೊಲ್ಲುತ್ತದೆ, ಅದನ್ನು ತಿಂದ ನಾಯಿಯನ್ನೂ ಕೊಲ್ಲಬಲ್ಲದು. ಮನೆಯಲ್ಲಿ ನಾಯಿ, ಕರು, ಸಣ್ಣ ಮಕ್ಕಳು ಇರುವ ನಮಗೆ ಅದು ಬೇಡ. ಅನಿವಾರ್ಯವಾದರೆ ಕಬ್ಬಿಣದ ಫಾಸ್ಫೇಟಿನ ಗುಳಿಗೆ ಅದಕ್ಕಿಂತ ಎಷ್ಟೋ ಸುರಕ್ಷಿತ. ವಿಷ ಹಾಕದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮುಂಗಾರಿಗೆ ಮೊದಲು ನಮ್ಮ ಮರಗಳನ್ನು ಬೆಳಗುವ ಮಿಂಚುಹುಳುಗಳ ಮರಿಗಳು ಬಸವನಹುಳುಗಳನ್ನೇ ತಿಂದು ಬೆಳೆಯುತ್ತವೆ. ಕೆಂಬೂತ ಶಂಖದ ಹುಳುವಿನ ಚಿಪ್ಪೊಡೆದು ತಿನ್ನುತ್ತದೆ. ಇವುಗಳ ಆಹಾರಕ್ಕೆ ವಿಷ ಬೆರೆಸಲು ನನಗೆ ಮನಸ್ಸಿಲ್ಲ.

ಹೂವಿನ ಕಾಲ ಮುಗಿದು ಡೇರೆಯ ಗಿಡ ಒಣಗಿದ ಮೇಲೆ ಮಾಡುವ ಕೆಲಸ ಮರುವರ್ಷಕ್ಕೆ ಬಹಳ ಮುಖ್ಯವಾದುದು. ಗೆಡ್ಡೆ ಅಗೆಯುವಾಗ ಮಣ್ಣಿನಲ್ಲಿ ಸಾಸಿವೆಗಿಂತ ದೊಡ್ಡದಾದ, ತಿಳಿಹಳದಿ ಬಣ್ಣದ ಮೊಟ್ಟೆಗಳ ಗೊಂಚಲು ಸಿಕ್ಕರೆ ಅವನ್ನು ಕುದಿನೀರಿಗೆ ಹಾಕುತ್ತೇನೆ. ಚಳಿಗಾಲ ಕಳೆದಂತೆ ಶಂಖದ ಹುಳು ಚಿಪ್ಪಿನ ಬಾಯಿಯನ್ನು ಪೊರೆಯಿಂದ ಮುಚ್ಚಿಕೊಂಡು, ಕಲ್ಲುಕಟ್ಟೆಯ ಸಂದಿಯಲ್ಲೋ ಸೋಗೆಯ ರಾಶಿಯ ಅಡಿಯಲ್ಲೋ ತಿಂಗಳುಗಟ್ಟಲೆ ಮಲಗುತ್ತದೆ. ಆಗ ಅದು ಓಡಲಾರದು, ಅಡಗುದಾಣವೂ ಗೊತ್ತಿರುತ್ತದೆ. ಆದ್ದರಿಂದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕಟ್ಟೆಯ ಸಂದಿಗಳನ್ನೂ ಹಳೆಯ ಕುಂಡಗಳ ರಾಶಿಯನ್ನೂ ಒಮ್ಮೆ ಪೂರ್ತಿ ಬಿಡಿಸಿ ನೋಡಿ, ಗೆಡ್ಡೆಗಳನ್ನು ಒಣ ಮರಳಿನಲ್ಲಿ ಹೂತಿಟ್ಟ ಡಬ್ಬಿಯನ್ನು ಅಟ್ಟಕ್ಕೆ ಏರಿಸುತ್ತೇನೆ.