ಸ್ಯಾಕ್ಸೊಫೋನೂ ನಮ್ಮ ಮನೆಯ ಬಕೆಟ್ಟೂ

ಮಾಟುಂಗದ ಒಂದು ಮದುವೆ ಹಾಲ್‌ನಲ್ಲಿ ನನ್ನ ಮರ್ಯಾದೆ ಹೋಯಿತು. ನಾನು ಊದುವುದು ಸ್ಯಾಕ್ಸೊಫೋನ್. ವಾರವಿಡೀ ಬ್ಯಾಂಕಿನ ಕೆಲಸ, ರಜೆ ದಿನ ಮುಲುಂಡ್, ಗೋರೆಗಾಂವ್ ಕಡೆ ನಮ್ಮೂರಿನವರ ಪೂಜೆ, ಮದುವೆಗಳಲ್ಲಿ ವಾದನ. ಅವತ್ತು ಊಟದ ಬಿಡುವಿನಲ್ಲಿ ನಾಗಸ್ವರದವರು “ಒಮ್ಮೆ ಊದಿ ನೋಡಿ” ಎಂದು ವಾದ್ಯವನ್ನು ಕೈಗೇ ಕೊಟ್ಟರು. ಎದೆ ತುಂಬ ಉಸಿರೆಳೆದು ಊದಿದೆ. ಸ್ವಲ್ಪ ಹೊತ್ತಿಗೇ ಕಣ್ಣು ಕತ್ತಲೆ. ವಿಚಿತ್ರ ಅಂದರೆ ಉಸಿರು ಖಾಲಿಯಾಗಿರಲಿಲ್ಲ. ಎದೆ ಇನ್ನೂ ತುಂಬಿಯೇ ಇತ್ತು, ಆದರೂ ಉಸಿರುಗಟ್ಟುತ್ತಿತ್ತು.

ಮೊದಲು ಕೊಳಲು ಕಲಿತವನು ನಾನು. ಅಲ್ಲಿ ಕಥೆ ಉಲ್ಟಾ. ತುಟಿಯ ಸಂದಿ ಬಿಟ್ಟರೆ ಗಾಳಿಯನ್ನು ತಡೆಯುವುದು ಏನೂ ಇಲ್ಲ, ಸಾಲು ಮುಗಿಯುವ ಮೊದಲೇ ದಮ್ಮು ಖಾಲಿ. ನಾಗಸ್ವರದಲ್ಲಿ ಬಾಯಿಗಿಡುವ ರೀಡು, ಅಂದರೆ ಊದಿದಾಗ ನಡುಗಿ ಸ್ವರ ಹುಟ್ಟಿಸುವ ತೆಳು ಪಟ್ಟಿ, ಎರಡು ಪದರದ್ದು. ನಡುವೆ ಕೂದಲೆಳೆಯಷ್ಟು ಜಾಗ. ಒತ್ತಡ ಜಾಸ್ತಿ ಬೇಕು, ಹೊರಗೆ ಹೋಗುವ ಗಾಳಿ ಮಾತ್ರ ಕಡಿಮೆ. ಸ್ಯಾಕ್ಸೊಫೋನ್ ಇವೆರಡರ ನಡುವೆ. ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದಿಂದ ಸ್ಯಾಕ್ಸೊಫೋನಿಗೆ ಬಂದವರು, ನಾನು ಎದುರು ದಿಕ್ಕಿನಿಂದ ಬಂದವನು. ಹೋಲಿಕೆ ಅಷ್ಟಕ್ಕೇ ಮುಗಿಯಿತು ಬಿಡಿ.

“ಹೊಟ್ಟೆಯಿಂದ ಊದು ಮಾರಾಯ” ಎಂದು ಗುರುಗಳು ಯಾವಾಗಲೂ ಹೇಳುತ್ತಿದ್ದರು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಗಾಳಿಯನ್ನು ಹೊರಗೆ ತಳ್ಳುತ್ತದೆ ಅಂತಲೇ ನಾನು ತಿಳಿದಿದ್ದೆ. ನಮ್ಮ ಅತ್ತಿಗೆ ಫಿಸಿಯೋಥೆರಪಿಸ್ಟ್. ಕೇಳಿ ನಕ್ಕರು. “ವಪೆ ಉಸಿರು ಎಳೆಯೋಕೆ ಮಾತ್ರ. ತಳ್ಳೋದು ಹೊಟ್ಟೆಯ ಸ್ನಾಯು. ಒಂದು ಬಕೆಟ್ ನೀರು ತಗೊಂಡು ಬಾ, ತೋರಿಸ್ತೇನೆ.”

ನೀರಿನ ಪೈಪಿನ ಒಂದು ತುಂಡಿಗೆ 5 ಮತ್ತು 20 ಸೆಂಟಿಮೀಟರಿನಲ್ಲಿ ಗುರುತು ಹಾಕಿದೆವು. ಪೈಪಿನ ತುದಿ ಎಷ್ಟು ಸೆಂಟಿಮೀಟರ್ ಮುಳುಗಿದೆಯೋ, ಗುಳ್ಳೆ ಬರಲು ಅಷ್ಟು ಸೆಂಟಿಮೀಟರ್ ನೀರಿನ ಒತ್ತಡ ಬೇಕು. ಆಸ್ಪತ್ರೆಯಲ್ಲೂ ಉಸಿರಿನ ಒತ್ತಡಕ್ಕೆ ಇದೇ ಲೆಕ್ಕ. 20ಕ್ಕೆ ಮುಳುಗಿಸಿ, ಪೂರ್ತಿ ಉಸಿರೆಳೆದು, ಊದದೆ ಸುಮ್ನೆ ಮೈ ಸಡಿಲ ಬಿಡು ಅಂದರು. ಬಿಟ್ಟೆ. ಗುಳುಗುಳು ಅಂತ ಗುಳ್ಳೆ ತಾವಾಗಿಯೇ ಬಂದವು! ಹಿಗ್ಗಿದ ಶ್ವಾಸಕೋಶ, ಪಕ್ಕೆಲುಬು ಎರಡೂ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತವಲ್ಲ, ಅದರ ಕೆಲಸ. ಸ್ವಲ್ಪ ಹೊತ್ತಿಗೆ ಗುಳ್ಳೆ ನಿಂತವು. ಮುಂದೆ ಊದಬೇಕೆಂದರೆ ಹೊಟ್ಟೆ ಬಿಗಿಯಲೇಬೇಕು, ಕೈಯಿಟ್ಟರೆ ಗೊತ್ತಾಗುತ್ತದೆ.

ಆಮೇಲೆ 5 ಸೆಂಟಿಮೀಟರ್. ಗಾಳಿ ಒಮ್ಮೆಗೇ ಭುಸ್ ಎಂದು ಹೋಯಿತು. ಒಂದೊಂದೇ ಗುಳ್ಳೆ ಬಿಡಬೇಕಾದರೆ ಪಕ್ಕೆಲುಬನ್ನು ಅಗಲವಾಗಿಯೇ ಹಿಡಿದಿರಬೇಕು. ಹಿಡಿಯುವುದು ಯಾರು? ಉಸಿರು ಎಳೆದ ಅದೇ ಸ್ನಾಯುಗಳು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿಗೆ ಮೊದಲು ಬೇಕಾದ್ದು ಬ್ರೇಕ್, ಬಯಲಿಗೆ ಬಂದ ಮೇಲೆ ಆಕ್ಸಿಲರೇಟರ್. ಮೆಲ್ಲನೆಯ ಸ್ವರಗಳಲ್ಲಿ ನಾನು ಸೋಲುತ್ತಿದ್ದದ್ದು ಇಲ್ಲೇ. ಬ್ರೇಕ್ ಹಾಕಬೇಕಾದ ಕಡೆ ಹೊಟ್ಟೆ ಒತ್ತುತ್ತಿದ್ದೆ.

ಇನ್ನೊಂದು ತಪ್ಪು ನನ್ನ ಜಂಬದ್ದು. ರೀಡಿನ ನಂಬರ್ ಹೆಚ್ಚಾದಷ್ಟು ಅದು ಗಟ್ಟಿ. ದೊಡ್ಡ ನಂಬರ್ ಅಂದರೆ ದೊಡ್ಡ ಕಲಾವಿದ ಅಂದುಕೊಂಡು ಶುರುವಿನಲ್ಲೇ 3ನೇ ನಂಬರ್ ಹಾಕಿದ್ದೆ. ಅದರ ತಡೆಗೆ ಹೆದರಿ ಗಡಿಬಿಡಿಯಲ್ಲಿ ಉಸಿರೆಳೆಯುವುದು, ಭುಜ ಕಿವಿಯ ತನಕ ಏರುವುದು. ಕತ್ತಿನ ಸ್ನಾಯುಗಳೂ ಪಕ್ಕೆಲುಬು ಎತ್ತಲು ನೆರವಾಗುತ್ತವೆ ನಿಜ, ಆದರೆ ಅದು ಓಡುವಾಗ, ಏದುಸಿರು ಬಂದಾಗ. ನಾನು ಕೂತಲ್ಲೇ ಅವಕ್ಕೆ ಡ್ಯೂಟಿ ಹಾಕಿದ್ದೆ. ಮೇಲಿಂದ ಎರಡೂವರೆ ಕೆಜಿ ವಾದ್ಯ ನೇತಾಡುವುದೂ ಅದೇ ಕತ್ತಿಗೆ. ರಾತ್ರಿ ಅಯೊಡೆಕ್ಸ್.

2ಕ್ಕೆ ಇಳಿದೆ. ವಾದ್ಯ ಮುಟ್ಟುವ ಮೊದಲು ಕುರ್ಚಿಯ ಸೀಟಿನ ಅಡಿಯನ್ನು ಎರಡೂ ಕೈಯಿಂದ ಹಿಡಿದು ಹತ್ತು ಉಸಿರು. ಭುಜ ಏಳುವುದಕ್ಕೆ ಆಗುವುದಿಲ್ಲ, ಸೊಂಟದ ಸುತ್ತ ಬೆಲ್ಟ್ ಬಿಗಿಯಾಗುವುದು ತಿಳಿಯುತ್ತದೆ. ಆಮೇಲೆ ಬಕೆಟ್, ಐದು ನಿಮಿಷ. ತಲೆ ತಿರುಗಿದರೆ ನಿಲ್ಲಿಸುವುದು. ಹರ್ನಿಯಾ, ಗ್ಲಾಕೋಮಾ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ, ಜೋರಾಗಿ ಊದುವಾಗ ಹೊಟ್ಟೆಯಲ್ಲೂ ಕಣ್ಣಲ್ಲೂ ಒತ್ತಡ ಏರುತ್ತದೆ. ಕೊನೆಗೆ ಒಂದೇ ಸ್ವರ, ಆದಷ್ಟು ಮೆಲ್ಲಗೆ. ಹನ್ನೆರಡು ಎಣಿಕೆಗೆ ನಡುಗುತ್ತಿದ್ದ ಷಡ್ಜ ಮೂರು ತಿಂಗಳಿಗೆ ಇಪ್ಪತ್ತೆರಡರ ತನಕ ನಿಂತಿತು. ಈಗ ರೀಡ್ ಎರಡೂವರೆ.

ನಾಗಸ್ವರದ ಗುಟ್ಟನ್ನೂ ಆಮೇಲೆ ಅದೇ ಕಲಾವಿದರು ಹೇಳಿದರು. ಹೊಸ ಉಸಿರು ಎಳೆಯುವ ಮೊದಲು ಹಳೆಯದನ್ನು ಹೊರಗೆ ಹಾಕಬೇಕಂತೆ. ಹೌದಲ್ವಾ? ಎದೆಯಲ್ಲಿ ಉಳಿದದ್ದು ಬಳಸಿದ ಗಾಳಿ, ಕಾರ್ಬನ್ ಡೈಆಕ್ಸೈಡ್ ಏರಿದ್ದು. ಅದರ ಮೇಲೇ ಇನ್ನಷ್ಟು ತುಂಬುತ್ತಿದ್ದೆ ನಾನು. ಕಳೆದ ಮದುವೆಯಲ್ಲಿ ಹಾಗೇ ಮಾಡಿ ಎರಡು ಸಾಲು ಊದಿದೆ. ಮೂರನೆಯದರಲ್ಲಿ ಅವರೇ ನಗುತ್ತಾ ವಾದ್ಯ ವಾಪಸ್ ತಗೊಂಡರು.